ಉಳಿ ಯಾರದು, ಹೆಸರು ಯಾರದು?

ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನಡಿ ಓರೆಯಾಗಿ ನಿಂತ ಮದನಿಕೆಯರನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಕಣ್ಣು ಹೋಗುವುದು ಕೈಗನ್ನಡಿಯ ಕಡೆಗೆ, ತುರುಬಿನ ಕಡೆಗೆ, ಸೆರಗೆಳೆಯುವ ಕೋತಿಯ ಕಡೆಗೆ. ಅವರ ಪಾದದ ಕೆಳಗೆ, ಪೀಠದ ಅಂಚಿನಲ್ಲಿ, ಕೆಲವು ಕಡೆ ಒಂದು ಪುಟ್ಟ ಬರಹವಿದೆ. ಗೈಡು ಕೈ ತೋರಿಸದಿದ್ದರೆ ಅಲ್ಲಿಗೆ ನೋಟ ಇಳಿಯುವುದೇ ಇಲ್ಲ. ಕೆತ್ತಿದವನ ಹೆಸರು, ಅಪ್ಪನ ಹೆಸರು, ಊರು, ಸಿಕ್ಕಿದ್ದರೆ ಒಂದು ಬಿರುದು. ಒಂಬೈನೂರು ವರ್ಷದ ಹಿಂದೆ ಒಬ್ಬ ಕಸುಬುದಾರ ಇಷ್ಟನ್ನು ಕಲ್ಲಿನಲ್ಲಿ ಕೊರೆದಿಟ್ಟು ಹೋಗಿದ್ದಾನೆ.

ದೊಡ್ಡ ಫ್ಯಾಷನ್ ಹೌಸ್‌ಗಳ ಕಥೆ ಓದುವಾಗಲೆಲ್ಲ ನನಗೆ ಈ ಪೀಠಗಳ ನೆನಪು ಬರುತ್ತದೆ. ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಉಡುಪುಗಳನ್ನು ಜನರ ಮುಂದಿಟ್ಟದ್ದು 1947ರ ಫೆಬ್ರುವರಿಯಲ್ಲಿ. ತೀರಿಕೊಂಡದ್ದು 1957ರಲ್ಲಿ. ಅಂದರೆ ಆ ಮನುಷ್ಯ ತನ್ನ ಮನೆತನವನ್ನು ನಡೆಸಿದ್ದು ಬರೀ ಹತ್ತು ವರ್ಷ. ಆಮೇಲೆ ಅದರ ಹೊಣೆ ಬಿದ್ದದ್ದು ಯೀವ್ ಸಾಂ ಲೊರಾಂ ಎಂಬ 21ರ ಹುಡುಗನ ಮೇಲೆ. ಅವನ ನಂತರ ಎಷ್ಟೋ ಜನ ಬಂದರು, ಹೋದರು. ಅಂಗಿಯ ಕತ್ತಿನ ಹಿಂದೆ ಹೊಲಿದ ಪಟ್ಟಿಯ ಮೇಲೆ ಮಾತ್ರ ಇವತ್ತಿಗೂ ಡಿಯೋರ್ ಒಬ್ಬನದೇ ಹೆಸರು. ಸ್ಪೇನಿನ ಬಾಲೆನ್ಸಿಯಾಗ ಇನ್ನೂ ಕಠಿಣ ಮನುಷ್ಯ. ತನ್ನ ಕಾಲ ಮುಗಿಯಿತು ಅನ್ನಿಸಿದ ಕೂಡಲೇ, 1968ರಲ್ಲಿ, ಅಂಗಡಿಗೆ ಬೀಗ ಹಾಕಿದ. ಆದರೂ ಹೆಸರು ಸಾಯಲಿಲ್ಲ. ಬೇರೆಯವರು ಅದನ್ನು ಮತ್ತೆ ಎಬ್ಬಿಸಿ ಮಾರಾಟಕ್ಕಿಟ್ಟರು. ಒಂದು ಹೆಸರು, ಅದರ ಹಿಂದೆ ಹೆಸರಿಲ್ಲದ ನೂರು ಕೈ: ಫ್ಯಾಷನ್ ಹೌಸ್ ನಿಂತಿರುವುದು ಈ ಲೆಕ್ಕದ ಮೇಲೆ. ಬೇಲೂರು ಕಟ್ಟಿದ ಹೊಯ್ಸಳರ ಕಲ್ಲುಕುಟಿಗರು ಇಟ್ಟ ಲೆಕ್ಕ ಬೇರೆ.

ಅವರೂ ಕೆತ್ತಿದ್ದು ಉಡುಗೆ ತೊಡುಗೆಯನ್ನೇ. ಮದನಿಕೆಯರ ಮೈಮೇಲಿನದನ್ನು ಒಂದೊಂದಾಗಿ ನೋಡುತ್ತ ಹೋಗಿ. ಕೊರಳಿಗೆ ಅಂಟಿದ ಕಂಠೀಹಾರ, ಎದೆಯ ನಡುವೆ ಇಳಿದ ಸರ, ತೋಳ್ಬಂದಿ, ಸಾಲು ಬಳೆ, ಸೊಂಟದ ಡಾಬಿನಿಂದ ತೊಡೆಯವರೆಗೆ ಜೋಲುವ ಮಣಿಯ ಕುಚ್ಚು, ಕಾಲಂದುಗೆ. ತುರುಬು ಒಬ್ಬಳದು ಹಿಂದಕ್ಕೆ, ಇನ್ನೊಬ್ಬಳದು ಪಕ್ಕಕ್ಕೆ. ಒಬ್ಬಳ ಕೈಬಳೆ ಕಲ್ಲಿನದಾದರೂ ಮಣಿಕಟ್ಟಿನಲ್ಲಿ ಅಲುಗುತ್ತದೆ ಎಂದು ಗೈಡುಗಳು ಹೆಮ್ಮೆಯಿಂದ ಹೇಳುತ್ತಾರೆ. ಬಟ್ಟೆಯ ವಿಷಯಕ್ಕೆ ಬಂದರೆ ಶಿಲ್ಪಿ ಇದ್ದಕ್ಕಿದ್ದಂತೆ ಜಿಪುಣನಾಗುತ್ತಾನೆ. ಕಾಲಿನ ಮೇಲೆ ಒಂದು ತೆಳು ಗೆರೆ, ನೆರಿಗೆಯ ಸುಳಿವು. ಅಲ್ಲಿ ಬಟ್ಟೆಯಿದೆ ಎಂದು ನಾವೇ ತಿಳಿದುಕೊಳ್ಳಬೇಕು. ಒಡವೆಗೆ ಪೂರ್ತಿ ಆಳ, ಬಟ್ಟೆಗೆ ಅಂಚು ಮಾತ್ರ.

ಇದಕ್ಕೆ ಅರ್ಧ ಕಾರಣ ಕಲ್ಲು. ಬಳಪದ ಕಲ್ಲು ಗಣಿಯಿಂದ ಎದ್ದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಮೆತ್ತಗಿರುವಾಗ ಸಣ್ಣ ಉಳಿಯಿಂದ ಹಾರದ ಹಿಂದಿನ ಕಲ್ಲನ್ನೂ ತೆಗೆದು, ಹಾರವನ್ನು ಎದೆಯಿಂದ ಬಿಡಿಸಿ ನಿಲ್ಲಿಸಬಹುದು. ಹಳೇಬೀಡಿನ ಹೊಯ್ಸಳೇಶ್ವರದ ದ್ವಾರಪಾಲಕರ ಮೈಮೇಲಿನ ಒಡವೆ ನೋಡಿದರೆ ಆ ಕಲ್ಲು ಅವರಿಗೆ ಎಷ್ಟು ಕೊಟ್ಟಿತೆಂಬುದು ಗೊತ್ತಾಗುತ್ತದೆ. ಒರಟು ಕಲ್ಲಿನಲ್ಲಿ ಈ ಶೈಲಿ ಹುಟ್ಟುತ್ತಲೇ ಇರಲಿಲ್ಲ. 12ನೇ ಶತಮಾನದ ಹೆಂಗಸರು ಬೀದಿಯಲ್ಲಿ ಹೀಗೇ ಓಡಾಡುತ್ತಿದ್ದರು ಎಂದು ಈ ಗೋಡೆಗಳನ್ನು ಮುಂದಿಟ್ಟುಕೊಂಡು ವಾದಿಸುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ಇವತ್ತು ರ‍್ಯಾಂಪ್ ಮೇಲೆ ನಡೆದುಬರುವ ಉಡುಪನ್ನು ನೋಡಿ ಬೆಂಗಳೂರಿನ ಹೆಂಗಸರು ಹೀಗೆ ಉಟ್ಟು ತರಕಾರಿ ತರುತ್ತಾರೆ ಎಂದು ಮುಂದಿನವರು ಬರೆದರೆ ಹೇಗಿರುತ್ತದೆ? ಮದನಿಕೆಯ ಅಲಂಕಾರದಲ್ಲಿ ಕಂಡದ್ದೂ ಇದೆ, ಕಂಡದ್ದಕ್ಕಿಂತ ಮುಂದೆ ಹೋದದ್ದೂ ಇದೆ.

ಅವಳನ್ನು ಹಾಗೆ ಸಿಂಗರಿಸಿದವರು ಯಾರು? ಬೇಲೂರಿನಲ್ಲಿ ಹೊಯ್ಸಳ ಅರಸ ವಿಷ್ಣುವರ್ಧನ ದೇವರನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಆ ಕೆಲಸಕ್ಕೆ ಬಳ್ಳಿಗಾವೆಯಿಂದ, ಅಂದರೆ ಇವತ್ತಿನ ಶಿಕಾರಿಪುರ ತಾಲ್ಲೂಕಿನಿಂದ, ದಾಸೋಜ ಬಂದ. ಜೊತೆಗೆ ಮಗ ಚಾವಣ. ಸೂರಿನಡಿಯ 38 ಮದನಿಕೆಯರು, ನವರಂಗದೊಳಗಿನ 4 ಜನ ಸೇರಿದ ಆ ಗುಂಪಿನಲ್ಲಿ ಅಪ್ಪನವು ನಾಲ್ಕು, ಮಗನವು ಐದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಗ ಅಪ್ಪನನ್ನು ಒಂದರಿಂದ ಮೀರಿಸಿದ. ಹಕ್ಕಿ, ಪ್ರಾಣಿಗಳ ಕೆಲಸದಲ್ಲಿ ಮಲ್ಲಿಯಣ್ಣ, ನಾಗೋಜರದು ಎತ್ತಿದ ಕೈ. ಬಿರುದುಗಳನ್ನಂತೂ ಓದಬೇಕು. ಎದುರಾಳಿ ಶಿಲ್ಪಿಗಳು ಬೆಟ್ಟವಾದರೆ ತಾನು ಸಿಡಿಲು ಎನ್ನುವ ಧಾಟಿ. ಅವರು ಮನ್ಮಥರಾದರೆ ತಾನು ಹಣೆಗಣ್ಣಿನ ಶಿವ ಎನ್ನುವ ಜೋರು. ಭಾರತದ ಕಲಾವಿದ ಹೆಸರು ಬಯಸದ ವಿನಯವಂತ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಒಳ್ಳೆಯ ಔಷಧ.

ಹಳೇಬೀಡಿಗೆ ಹೋದರೆ ಹೆಸರುಗಳ ಜಾತ್ರೆಯೇ ಇದೆ. 1121ರ ಸುಮಾರಿಗೆ ಅಧಿಕಾರಿ ಕೇತಮಲ್ಲ ಮುಂದೆ ನಿಂತು ಶುರು ಮಾಡಿಸಿದ ಹೊಯ್ಸಳೇಶ್ವರದ ಗೋಡೆಯಲ್ಲಿ ಮಾಬಲ, ಬಲ್ಲಣ, ಬೋಚಣ, ಕೇತಣ, ರೇವೋಜ ಸಿಗುತ್ತಾರೆ. ಕೆಳಗಿನ ಪಟ್ಟಿಗಳಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು ಕಟ್ಟಡ ಸುತ್ತುತ್ತಾರೆ. ಆ ಮಾದರಿ ಎಲ್ಲರದು, ಯಾರೊಬ್ಬರ ಗುಟ್ಟೂ ಅಲ್ಲ. ಸಹಿ ಕಾಣುವುದು ಮೇಲಿನ ದೊಡ್ಡ ವಿಗ್ರಹಗಳಲ್ಲಿ, ಒಬ್ಬನ ಕೈ ಇನ್ನೊಬ್ಬನದಕ್ಕಿಂತ ಬೇರೆ ಎಂದು ಗೊತ್ತಾಗುವ ಜಾಗದಲ್ಲಿ.

ಇದನ್ನು ಪಕ್ಕಪಕ್ಕದಲ್ಲೇ ಇಟ್ಟು ನೋಡಬೇಕೆಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಬೇಕು. 1246ರ ಲಕ್ಷ್ಮೀನರಸಿಂಹ ದೇವಾಲಯ. ಅಲ್ಲಿ ಗೋಡೆಯನ್ನು ಇಬ್ಬರು ಹಂಚಿಕೊಂಡರು: ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಒಂದೇ ಗುಡಿ, ಒಂದೇ ಕಲ್ಲು, ಅವೇ ದೇವರುಗಳು. ಎರಡೂ ಕಡೆ ಸುತ್ತಿ ಬಂದರೆ ಕೈ ಬೇರೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮಲ್ಲಿತಮ್ಮನ ವಿಷಯ ಸ್ವಲ್ಪ ನಿಂತು ಹೇಳಬೇಕು. ಆತನ ಹೆಸರು ಅಮೃತಾಪುರದ 1196ರ ದೇವಾಲಯದಲ್ಲಿದೆ, ಸೋಮನಾಥಪುರದ 13ನೇ ಶತಮಾನದ ನಡುವಿನ ದೇವಾಲಯದಲ್ಲೂ ಇದೆ. ನಡುವೆ 60 ವರ್ಷ. ಸಹಿ ಒಮ್ಮೆ ಪೂರ್ತಿ, ಒಮ್ಮೆ ಬರೀ ‘ಮಲ್ಲಿ’, ಒಮ್ಮೆ ‘ಮ’ ಮಾತ್ರ. ಹೆಸರು ಊರಿಗೆಲ್ಲ ಗೊತ್ತಾದವನಿಗೆ ಒಂದಕ್ಷರ ಸಾಕಾಗುತ್ತದಲ್ಲ. ಒಬ್ಬನೇ ಮನುಷ್ಯ 60 ವರ್ಷ ಉಳಿ ಹಿಡಿದಿದ್ದನೇ? ಹುಡುಗನಾಗಿದ್ದಾಗಲೇ ಶುರು ಮಾಡಿದ್ದರೆ ಆಗಲಾರದ್ದೇನಲ್ಲ. ಆದರೆ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನ ಜೊತೆಗೆ ಚಿಕ್ಕ ಮಲ್ಲಿತಮ್ಮ ಎಂಬ ಇನ್ನೊಬ್ಬನ ಹೆಸರೂ ಸಿಗುತ್ತದೆ. ಮಗನೋ, ತಮ್ಮನೋ, ಶಿಷ್ಯನೋ, ಅಂತೂ ದೊಡ್ಡವನ ಹೆಸರಿಗೆ ಬೆಲೆಯಿದೆ ಎಂದು ತಿಳಿದವನು. ಹಾಗೆಂದು ಅದನ್ನು ಹಾಗೇ ಹಾಕಿಕೊಂಡು ಕೂರಲಿಲ್ಲ, ಮುಂದೆ ‘ಚಿಕ್ಕ’ ಸೇರಿಸಿದ. ಮನೆತನದ ಹೆಸರನ್ನೂ ಬಿಡದೆ ತನ್ನ ಪಾಲಿನ ಕೆಲಸವನ್ನೂ ಬಿಟ್ಟುಕೊಡದೆ ಇರುವ ಈ ಉಪಾಯ ಪ್ಯಾರಿಸ್ಸಿನ ಒಬ್ಬ ಉತ್ತರಾಧಿಕಾರಿಗೂ ಹೊಳೆಯಲಿಲ್ಲ.

ಅರಸೀಕೆರೆ ಪಟ್ಟಣದ ಈಶ್ವರ ದೇವಾಲಯವನ್ನು (1220) ಇಲ್ಲಿ ತರುವುದು ಬೇರೆ ಕಾರಣಕ್ಕೆ. ಬೇಲೂರು ಎದ್ದು ಆಗಲೇ ನೂರು ವರ್ಷವಾಗಿತ್ತು. ತಿರುಗಣಿಯಲ್ಲಿ ಕಡೆದ ಕಂಬ ಅದೇ, ಕಲ್ಲು ಅದೇ, ನಕ್ಷತ್ರದ ಆಕಾರವೂ ಹಳೆಯದೇ. ಆ ನಕ್ಷತ್ರವನ್ನು ಗರ್ಭಗುಡಿಯ ಗೋಡೆಗಷ್ಟೇ ಬಿಡದೆ ಮುಂದಿನ ತೆರೆದ ಮಂಟಪಕ್ಕೂ ತಂದು, 16 ಮೂಲೆಯ ದುಂಡು ಮಂಟಪ ಮಾಡಿದರು. ಬಟ್ಟೆ ತಾತನ ಕಾಲದ್ದು, ಕತ್ತರಿ ಹೊಸದು. ಪರಂಪರೆ ಉಳಿಸುವುದೆಂದರೆ ಬೇಲೂರನ್ನೇ ಇನ್ನೊಮ್ಮೆ ಕಟ್ಟುವುದು ಎಂದು ಅವರು ತಿಳಿದಿರಲಿಲ್ಲ.

ಇಷ್ಟೆಲ್ಲ ಹೆಸರು ಕಣ್ಣ ಮುಂದಿದ್ದರೂ ನಾವು ಮಾಡಿದ್ದೇನು? ಎಲ್ಲವನ್ನೂ ದಂತಕಥೆಯ ಶಿಲ್ಪಿ ಜಕಣಾಚಾರಿಯ ಲೆಕ್ಕಕ್ಕೆ ಬರೆದೆವು. ಅಪ್ಪ ಜಕಣಾಚಾರಿ, ಮಗ ಡಂಕಣಾಚಾರಿ, ವಿಗ್ರಹದ ಹೊಕ್ಕುಳಲ್ಲಿ ಕಪ್ಪೆ. ಕಥೆ ಚೆನ್ನಾಗಿದೆ. 1964ರಲ್ಲಿ ಬಿ.ಎಸ್. ರಂಗ ಅದನ್ನು ‘ಅಮರಶಿಲ್ಪಿ ಜಕಣಾಚಾರಿ’ ಮಾಡಿದರು, ಕನ್ನಡದ ಮೊದಲ ಪೂರ್ಣ ಬಣ್ಣದ ಚಿತ್ರ. ಶಿಲ್ಪಿಗಳಿಗೆ ಸರ್ಕಾರ ಕೊಡುವ ಪ್ರಶಸ್ತಿಯೂ ಅದೇ ಹೆಸರಿನಲ್ಲಿದೆ. ಆದರೆ ಈ ಗುಡಿಗಳ ಕಲ್ಲಿನ ಮೇಲಿನ ಸಹಿಗಳಲ್ಲಿ ಆ ಹೆಸರಿಲ್ಲ. ಸಹಿ ಹಾಕಿದ ನಿಜವಾದ ಅಪ್ಪ ಮಗ ದಾಸೋಜ, ಚಾವಣ; ಅವರ ಹೆಸರಿನಲ್ಲಿ ಸಿನಿಮಾ ಬರಲಿಲ್ಲ. ನೂರಾರು ಕೈಗಳ ಕೆಲಸಕ್ಕೆ ಒಂದೇ ಪಟ್ಟಿ ಹೊಲಿಯುವ ಚಟ ಪ್ಯಾರಿಸ್ಸಿನದು ಮಾತ್ರ ಅಲ್ಲ. ಜನರಿಗೆ ಒಬ್ಬ ನಾಯಕ ಬೇಕು, ಅದು ಅರ್ಥವಾಗುತ್ತದೆ. ಕಲ್ಲೇ ಹೆಸರು ಹೇಳುತ್ತಿರುವಾಗ ಕೇಳಿಸಿಕೊಳ್ಳದಿರುವುದು ಅರ್ಥವಾಗುವುದಿಲ್ಲ.

ಈ ಶಿಲ್ಪಿಗಳ ಮನೆತನಗಳು 14ನೇ ಶತಮಾನದಲ್ಲಿ ಮುಗಿದುಹೋದವು. 1311ರಲ್ಲಿ ದಿಲ್ಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಂಡು ದ್ವಾರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ, ಬಂತು, ಮತ್ತೆ ದಾಳಿಗಳಾದವು, ಕೆಲಸ ಕೊಡುವ ಅರಸೊತ್ತಿಗೆ ಕುಸಿಯಿತು. ಮುಂದೆ ವಿಜಯನಗರದವರು ಹೆಚ್ಚಾಗಿ ಗ್ರಾನೈಟಿಗೆ ಕೈಹಾಕಿದರು. ಆ ಕಲ್ಲಿನಲ್ಲಿ ಮದನಿಕೆಯ ಬಳೆ ಅಲುಗಾಡುವಂತಿಲ್ಲ. ಹೀಗೆ ಕಸುಬು ಹೋಯಿತು, ಹೆಸರು ಉಳಿಯಿತು. ಆ ಹೆಸರುಗಳನ್ನು ಮತ್ತೆ ಓದಿಸಿದವರು ಇಬ್ಬರು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲಿ ಹೊರತಂದರು. ಅವರ ನಂತರ ಮೈಸೂರು ಪುರಾತತ್ವ ಇಲಾಖೆ ವಹಿಸಿಕೊಂಡ ಆರ್. ನರಸಿಂಹಾಚಾರ್ ಗುಡಿಗುಡಿ ಸುತ್ತಿ, ವಿಗ್ರಹದ ಬುಡದ ಸಹಿಗಳನ್ನು ಎತ್ತಿ ಬರೆದು, ಸೋಮನಾಥಪುರದ ಮೇಲೆ 1917ರಲ್ಲಿ, ಬೇಲೂರಿನ ಮೇಲೆ 1919ರಲ್ಲಿ ಪುಸ್ತಕ ಮಾಡಿದರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಭಾಷಣಗಳಲ್ಲಿ ಅರಸರ ಹೆಸರು ಬೇಕಾದಷ್ಟು ಬಂತು. ನರಸಿಂಹಾಚಾರರನ್ನು ನೆನೆದವರ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಉಳಿಸಿಕೊಳ್ಳುವ ವಿದ್ಯೆಯಲ್ಲಿ ಸಾಂ ಲೊರಾಂನ ಮನೆ ಜಾಣತನ ತೋರಿಸಿತು ಎಂಬುದನ್ನು ಒಪ್ಪಬೇಕು. ಡಿಯೋರ್ ಬಿಟ್ಟು ಸ್ವಂತ ಮನೆ ಕಟ್ಟಿದ ಮೇಲೆ, 1964ರಿಂದಲೇ ಅವರು ಪ್ರತಿ ಸಂಗ್ರಹದಲ್ಲೂ ಕೆಲವು ಉಡುಪುಗಳನ್ನು ಮಾರದೆ ಎತ್ತಿಡತೊಡಗಿದರು. 2002ರಲ್ಲಿ ಹೊಲಿಗೆ ನಿಂತಿತು, 2017ರಲ್ಲಿ ಅದೇ ಕಟ್ಟಡ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ನನಗೆ ಉಡುಪಿಗಿಂತ ಮುಖ್ಯವಾಗಿ ಕಾಣುವುದು ಪ್ರತಿ ಉಡುಪಿಗೂ ಬರೆದಿಟ್ಟ ಕಾರ್ಖಾನೆಯ ಚೀಟಿ. ಯಾವ ಹೊಲಿಗೆಕೋಣೆಯ ಮೇಸ್ತ್ರಿ, ಯಾವ ಹುಡುಗಿಯ ಅಳತೆಗೆ, ಬಟ್ಟೆ ಯಾವ ವ್ಯಾಪಾರಿಯದು ಎಲ್ಲವೂ ಅದರಲ್ಲಿದೆ. ಕೊಳ್ಳುವವರ ಕಣ್ಣಿಗೆ ಒಂದೇ ಹೆಸರು, ಬೀರುವಿನೊಳಗಿನ ಕಾಗದದಲ್ಲಿ ಹತ್ತಾರು. ಬೇಲೂರಿನವರು ಆ ಚೀಟಿಯನ್ನು ಬೀರುವಿನಲ್ಲಿಡದೆ ವಿಗ್ರಹದ ಮೇಲೇ ಬರೆದರು ಅಷ್ಟೆ.

ನಮ್ಮ ಸೀರೆಗಳಿಗೆ ಚೀಟಿಯೂ ಇಲ್ಲ, ಸಹಿಯೂ ಇಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕುತ್ತಾರೆ. ಹೆಚ್ಚಾಗಿ ಅದು ಮನೆಯ ಹೆಂಗಸರ ಕೈಯ ಕೆಲಸ. ಸೀರೆ ಅಂಗಡಿಗೆ ಬರುವ ಹೊತ್ತಿಗೆ ಅದರ ಮೇಲಿರುವುದು ಊರಿನ ಹೆಸರು, ಅಂಗಡಿಯ ಹೆಸರು. ಕೊಂಡಿ ಹಾಕಿದವಳು ಎಲ್ಲೂ ಇಲ್ಲ.

ಈ ದಾರಿಯಲ್ಲಿ ಬೇರೆ ಹೆಜ್ಜೆ ಇಟ್ಟವರಲ್ಲಿ ಬೆಂಗಳೂರಿನ ವಿಮೋರ್ ಎಂಬ ಸೀರೆಗಳ ಸಂಸ್ಥೆ ಒಂದು. ಚಿಮಿ ನಂಜಪ್ಪ ಮತ್ತು ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ಶುರು ಮಾಡಿದ್ದು. ದೇವಸ್ಥಾನಗಳಿಗೆ ಹರಕೆಯಾಗಿ ಬಂದು ಮಾರಾಟವಾಗುವ ಹಳೆಯ ಸೀರೆಗಳನ್ನು ಕೊಂಡುತಂದು, ಮರೆತುಹೋಗಿದ್ದ ಅಂಚು, ಸೆರಗುಗಳನ್ನು ನೇಕಾರರಿಂದ ಮತ್ತೆ ನೇಯಿಸಿದರು. ಹಾಗೆ ಎಬ್ಬಿಸಿದ ವಿನ್ಯಾಸಕ್ಕೆ ಬೇಲಿ ಹಾಕಲಿಲ್ಲ. ಮಗ್ಗದವನು ಅದನ್ನು ನೇಯ್ದು ಬೇರೆಯವರಿಗೂ ಮಾರಬಹುದು. ನಕಲಿಗೆ ಹೆದರಿ ವಿನ್ಯಾಸವನ್ನು ಕೋರ್ಟಿಗೆಳೆಯುವ ಈ ಕಾಲದಲ್ಲಿ ಇದು ದಡ್ಡತನವಾಗಿ ಕಾಣಬಹುದು. ಆದರೆ ಹೊಯ್ಸಳರ ಆನೆಯ ಪಟ್ಟಿ ಊರಿಂದೂರಿಗೆ ಹೋದದ್ದು ಹೀಗೇ. ಹತ್ತು ಮಗ್ಗದ ಮೇಲಿರುವ ಅಂಚು ಒಬ್ಬ ನೇಕಾರ ಕಸುಬು ಬಿಟ್ಟನೆಂದು ಸಾಯುವುದಿಲ್ಲ. ಈಗ ವಿಮೋರ್‌ನದೇ ಒಂದು ಜವಳಿ ಸಂಗ್ರಹಾಲಯವೂ ನಗರದಲ್ಲಿದೆ.

ಮೈಸೂರು ರೇಷ್ಮೆಯ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಶುರು ಮಾಡಿಸಿದ್ದು 1912ರಲ್ಲಿ. ಇವತ್ತು ಅದನ್ನು ನಡೆಸುವ ಸರ್ಕಾರಿ ನಿಗಮ ಕೆಎಸ್‌ಐಸಿಯ ಪ್ರತಿ ಸೀರೆಗೂ ಕಸೂತಿಯ ಒಂದು ಸಂಕೇತ ಸಂಖ್ಯೆ, ಒಂದು ಹೊಲೊಗ್ರಾಮ್ ಇರುತ್ತದೆ, ಕಳ್ಳಮಾಲು ತಡೆಯಲಿಕ್ಕೆ. ಅಂಚಿನಲ್ಲಿ ಅಂಕಿಗೆ ಜಾಗವಿದ್ದ ಮೇಲೆ ಹೆಸರಿಗೇಕೆ ಇಲ್ಲ ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: ಒಂದು ಸೀರೆ ನೂಲು ಹುರಿ ಮಾಡುವವರಿಂದ ಬಣ್ಣ ಹಾಕುವವರವರೆಗೆ ಹತ್ತು ಕೈ ದಾಟಿ ಬರುತ್ತದೆ, ಯಾರ ಹೆಸರು ಹಾಕುವುದು? ಹೊಯ್ಸಳೇಶ್ವರದ ಗೋಡೆ ಎಷ್ಟು ಕೈ ದಾಟಿತೋ ಲೆಕ್ಕವಿಟ್ಟವರಿಲ್ಲ. ಅಲ್ಲಿ ಬಲ್ಲಣನೂ ಬರೆದ, ಬೋಚಣನೂ ಬರೆದ, ಪಕ್ಕದಲ್ಲಿ ಕೇತಣನಿಗೂ ಜಾಗ ಸಿಕ್ಕಿತು.