ಸೆಲಿಮಾ ಉಳಿದಳು, ವಸಂತಸೇನೆ ಹೋದಳು

ಶಿರಾಜ್ ನೆಲದ ಮೇಲೆ ಬಿದ್ದಿದ್ದಾನೆ. ಎತ್ತಿದ ಆನೆಯ ಕಾಲು ಅವನ ತಲೆಯತ್ತ ಇಳಿಯುತ್ತಿದೆ. ಅವನ ಜತೆಗೇ ಆಡಿ ಬೆಳೆದ ಸೆಲಿಮಾ ಈಗ ರಾಜಕುಮಾರ ಖುರ್ರಂನ ಅರಮನೆಯಲ್ಲಿದ್ದಾಳೆ. ಕೊನೆಯ ಗಳಿಗೆಯಲ್ಲಿ ಶಿರಾಜ್ ಬದುಕಿಕೊಳ್ಳುತ್ತಾನೆ. 1928ರ ಮೂಕಿ ಚಿತ್ರ 'ಶಿರಾಜ್'ನ ಈ ದೃಶ್ಯಕ್ಕೆ ಇಂದಿಗೂ ಎದೆ ಡವಗುಟ್ಟುತ್ತದೆ.

ನಿರ್ಮಾಪಕ ಹಿಮಾಂಶು ರಾಯ್ ಜತೆ ಬ್ರಿಟನ್ ಮತ್ತು ಜರ್ಮನಿಯ ಕಂಪನಿಗಳು ಸೇರಿ ತೆಗೆದ ಚಿತ್ರವಿದು. ನಿರ್ದೇಶಕ ಫ್ರಾಂಜ್ ಆಸ್ಟೆನ್. ಸೆಲಿಮಾ ಆಗಿದ್ದವರು ಏಣಾಕ್ಷಿ ರಾಮರಾವ್. ಅವಳ ಮೇಲೆ ಹಗೆ ಸಾಧಿಸುವ ದಾಲಿಯಾ ಪಾತ್ರ ಸೀತಾದೇವಿಯದು. ಸೀತಾದೇವಿಯ ನಿಜವಾದ ಹೆಸರು ರೆನೀ ಸ್ಮಿತ್, ಆಂಗ್ಲೋ ಇಂಡಿಯನ್ ಹುಡುಗಿ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಿನಿಮಾ ಕಡೆ ತಲೆ ಹಾಕಬಾರದೆಂದಿದ್ದ ಕಾಲದಲ್ಲಿ ಇಂಥ ಹುಡುಗಿಯರೇ ಪರದೆಯನ್ನು ತುಂಬಿದರು. ಸಂಭಾಷಣೆ ಹೇಳಬೇಕಿರಲಿಲ್ಲವಾದ್ದರಿಂದ ಭಾಷೆ ಅಡ್ಡ ಬರಲಿಲ್ಲ.

ಆ ಕಟ್ಟುಪಾಡನ್ನು ಮುರಿದವರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಮರುಮದುವೆಯಾಗಿ, 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು, 1930ರ ಉಪ್ಪಿನ ಸತ್ಯಾಗ್ರಹಕ್ಕೆ ಧುಮುಕಿದ ಹೆಣ್ಣುಮಗಳು. ಅವರಿಗೆ ಕ್ಯಾಮೆರಾ ಯಾವ ಲೆಕ್ಕ! ಶೂದ್ರಕನ 'ಮೃಚ್ಛಕಟಿಕ' ನಾಟಕವನ್ನು ಮೋಹನ್ ಭವನಾನಿ 1931ರಲ್ಲಿ 'ವಸಂತಸೇನಾ' ಎಂದು ಚಿತ್ರ ಮಾಡಿದಾಗ ಕಮಲಾದೇವಿ ಅದರಲ್ಲಿದ್ದರು. ನಮ್ಮ ನಾಟಕಕಾರ ಟಿ.ಪಿ. ಕೈಲಾಸಂ ಇದ್ದರು. ವಸಂತಸೇನೆಯಾಗಿ ಅದೇ ಏಣಾಕ್ಷಿ.

ಆದರೆ ಕಾಲ ಕೂಡಿಬರಲಿಲ್ಲ. ಅದೇ ವರ್ಷ ಮಾರ್ಚ್ 14ರಂದು ಮಾತಿನ ಚಿತ್ರ 'ಆಲಂ ಆರಾ' ತೆರೆಕಂಡಿತು. 1934ರಲ್ಲಿ 'ಸತಿ ಸುಲೋಚನಾ' ಕನ್ನಡದಲ್ಲೇ ಮಾತಾಡಿತು. ಮೂಕಿ ಚಿತ್ರಗಳನ್ನು ಕೇಳುವವರೇ ಇಲ್ಲವಾಯಿತು. ಆ ಕಾಲದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು, ಇಟ್ಟಲ್ಲೇ ಹಾಳಾಗುತ್ತಿತ್ತು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಸಿದ್ದೂ ಉಂಟು. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು.

'ಶಿರಾಜ್' ಆ ಕೆಲವುಗಳ ಸಾಲಿನಲ್ಲಿದೆ. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕಾಪಾಡಿ, ಹೊಸದಾಗಿಸಿ, ಅನುಷ್ಕಾ ಶಂಕರ್ ಸಂಗೀತದೊಂದಿಗೆ 2017ರಲ್ಲಿ ತೋರಿಸಿತು. ಏಣಾಕ್ಷಿಯ ಕಣ್ಣೋಟ, ತಗ್ಗಿಸಿದ ತಲೆ, ತಡೆದು ಹೊರಬರುವ ನಗು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಅವರ ವಸಂತಸೇನೆಯನ್ನು ಮಾತ್ರ ನೋಡುವಂತಿಲ್ಲ. ಕೈಲಾಸಂ ಅವರು ಪರದೆಯ ಮೇಲೆ ಹೇಗೆ ನಡೆದರು, ಹೇಗೆ ತಿರುಗಿ ನೋಡಿದರು? ಕನ್ನಡಿಗರು ನಿಜಕ್ಕೂ ಮರುಗಬೇಕಾದ ನಷ್ಟವಿದು.

ಏಣಾಕ್ಷಿ ಮುಂದೆ ಭವನಾನಿಯವರನ್ನೇ ಮದುವೆಯಾದರು. ಭಾರತದ ನೃತ್ಯಪರಂಪರೆಯ ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ದೊಡ್ಡ ಪುಸ್ತಕ 1965ರಲ್ಲಿ ಹೊರಬಂತು.