ಗ್ರೀಕ್ ಅಕ್ಷರಗಳಲ್ಲಿ ನಮ್ಮ ಊರುಗಳು

ವಿಜಯಪುರದಿಂದ ಸೊಲ್ಲಾಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಹೊರ್ತಿ ಎಂಬ ಊರು ಸಿಗುತ್ತದೆ. ಅದು ಇಂಡಿ ತಾಲ್ಲೂಕಿಗೆ ಸೇರಿದ್ದು. ಅಲ್ಲಿಯ ವಿದ್ಯಾರ್ಥಿಯೊಬ್ಬನು ಗ್ರೀಕ್ ಲಿಪಿಯನ್ನು ಓದಲು ಕಲಿಯಬೇಕೆಂದು ಬಯಸಿದರೆ ನಾವು ಅವನ ಕೈಗೆ ಹೋಮರನ ಕಾವ್ಯವನ್ನು ಕೊಡುವುದಿಲ್ಲ. ಅವನ ತಾಲ್ಲೂಕಿನ ಹೆಸರಿನಂತೆಯೇ ತೋರುವ ಒಂದು ಹೆಸರನ್ನು ಕೊಡುತ್ತೇವೆ.

ಕ್ರಿ.ಶ. 150ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಖಗೋಳಜ್ಞ ಟಾಲೆಮಿಯು ತನ್ನ ಭೂಗೋಳ ಗ್ರಂಥದಲ್ಲಿ ದಕ್ಷಿಣಾಪಥದ ಅನೇಕ ಊರುಗಳನ್ನು ಅಕ್ಷಾಂಶ ರೇಖಾಂಶಗಳೊಡನೆ ಹೆಸರಿಸಿದ್ದಾನೆ. ಅವುಗಳಲ್ಲಿ ಒಂದು ನಾಲ್ಕೇ ಅಕ್ಷರದ್ದು. ಮೊದಲನೆಯದು ನೆಟ್ಟಗೆ ನಿಂತ ಒಂದು ಗೆರೆ. ಹೆಸರು ಅಯೋಟಾ, ಧ್ವನಿ ಇ. ಎರಡನೆಯದು ಎರಡು ನಿಲುಗೆರೆಗಳನ್ನು ಓರೆಗೆರೆಯೊಂದು ಕೂಡಿಸಿದಂತಿರುವ ನ್ಯೂ, ಅದು ನಕಾರ. ಮೂರನೆಯದು ತ್ರಿಕೋಣ. ಭೌತಶಾಸ್ತ್ರದಲ್ಲಿ ವ್ಯತ್ಯಾಸವನ್ನು ಸೂಚಿಸುವ ಡೆಲ್ಟಾ ಇದೇ. ನಾಲ್ಕನೆಯದು ಎರಡು ನಿಲುಗೆರೆಗಳ ನಡುವೆ ಏಣಿಯ ಮೆಟ್ಟಿಲಿನಂತೆ ಒಂದು ಅಡ್ಡಗೆರೆ. ಇಂಗ್ಲಿಷ್ ಬಲ್ಲವನು ಇದನ್ನು ‘ಎಚ್’ ಎಂದು ಓದಿ ಎಡವುತ್ತಾನೆ. ಇದು ಈಟಾ, ವ್ಯಂಜನವಲ್ಲ, ದೀರ್ಘವಾದ ಏ ಸ್ವರ. ಎಲ್ಲವನ್ನೂ ಕೂಡಿಸಿದರೆ ‘ಇಂಡೇ’!

ಇದು ನಮ್ಮ ಇಂಡಿಯೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಇಂದಿನ ಗ್ರೀಕರು ಈಟಾವನ್ನು ‘ಈ’ ಎಂದೇ ಉಚ್ಚರಿಸುತ್ತಾರೆ ಎಂದು ಕೇಳಿದರೆ ಹೊರ್ತಿಯ ವಿದ್ಯಾರ್ಥಿ ಹಿಗ್ಗಿಯಾನು. ಆದರೆ ತಡೆಯಬೇಕು. ಬದಲಾದದ್ದು ಗ್ರೀಕರ ನಾಲಗೆ. ಅದು ನಮ್ಮ ಊರಿಗೆ ಸಾಕ್ಷ್ಯವಾಗಲಾರದು.

ಒಟ್ಟು ಅಕ್ಷರಗಳು 24. ಗಣಿತ ಓದಿದವರಿಗೆ ಆಲ್ಫಾ, ಬೀಟಾ, ಥೀಟಾ, ಪೈ ಮೊದಲಾದವು ಆಗಲೇ ಪರಿಚಿತ. ಉಳಿದವನ್ನು ಕೆಲವು ಸಂಜೆಗಳಲ್ಲಿ ಕಲಿಯಬಹುದು. ತೊಡಕಿರುವುದು ಅಕ್ಷರಗಳು ಜೊತೆಗೂಡಿದಾಗ. ಟಾಲೆಮಿಯು ಬನವಾಸಿಯನ್ನು ಬರೆದ ಬಗೆಯನ್ನು ನೋಡೋಣ: ಬೀಟಾ, ಆಲ್ಫಾ, ನ್ಯೂ, ಆಲ್ಫಾ, ಓಮಿಕ್ರಾನ್, ಉಪ್ಸಿಲಾನ್, ಆಲ್ಫಾ, ಸಿಗ್ಮಾ, ಎಪ್ಸಿಲಾನ್, ಅಯೋಟಾ. ಒಂದೊಂದನ್ನೇ ಓದುತ್ತ ಹೋದರೆ ‘ಬನಒಉಅಸಎಇ’ ಎಂಬ ವಿಚಿತ್ರ ಪದವಾಗುತ್ತದೆ. ಓಮಿಕ್ರಾನ್ ಮತ್ತು ಉಪ್ಸಿಲಾನ್ ಕೂಡಿದರೆ ‘ಊ’ ಎಂದೂ, ನಮ್ಮ ವಕಾರವನ್ನು ಬರೆಯಲು ಈ ಜೋಡಿಯನ್ನು ಬಳಸುತ್ತಿದ್ದರೆಂದೂ ತಿಳಿಯಬೇಕು. ಎಪ್ಸಿಲಾನ್ ಮತ್ತು ಅಯೋಟಾಗಳ ಜೋಡಿ ಟಾಲೆಮಿಯ ಕಾಲಕ್ಕೆ ‘ಈ’ ಆಗಿತ್ತು. ಈಗ ಓದಿರಿ: ಬನವಸೀ. ಇದು ಬನವಾಸಿಯೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಇಂಡಿಯ ವಿಷಯದಲ್ಲಿ ಅಷ್ಟು ಧೈರ್ಯ ಸಲ್ಲದು. ಹೆಸರು ಚಿಕ್ಕದಾದಷ್ಟೂ ಆಕಸ್ಮಿಕ ಹೋಲಿಕೆಗೆ ಅವಕಾಶ ಹೆಚ್ಚು. ಮೇಲಾಗಿ ಗ್ರೀಕ್ ಲಿಪಿಯಲ್ಲಿ ಟ–ತ, ಡ–ದ, ಣ–ನ, ಳ–ಲ ಎಂಬ ಭೇದಗಳಿಲ್ಲ. ಡೆಲ್ಟಾ ನಮ್ಮ ಡಕಾರವೋ ದಕಾರವೋ ಹೇಳಲಾಗದು. ಇನ್ನೊಂದು ಕೇಡೆಂದರೆ ಆಲ್ಫಾ, ಡೆಲ್ಟಾ, ಲ್ಯಾಮ್ಡಾ ಮೂರೂ ತ್ರಿಕೋಣದ ಸೋದರರು. ನಕಲು ಮಾಡುವವನ ಕಣ್ಣು ತಪ್ಪಿದರೆ ಊರೇ ಬದಲಾಗುತ್ತದೆ. ಟಾಲೆಮಿಯ ಗ್ರಂಥದ ಗ್ರೀಕ್ ಪ್ರತಿಗಳಲ್ಲಿ ಈಗ ಉಳಿದಿರುವವು ಅವನ ಕಾಲದಿಂದ ಸಾವಿರಕ್ಕೂ ಹೆಚ್ಚು ವರ್ಷಗಳ ಈಚಿನವು. ಅಂಕಿಗಳನ್ನೂ ಅಕ್ಷರಗಳಿಂದಲೇ ಬರೆಯುತ್ತಿದ್ದರು: ರೋ 100, ಕಪ್ಪಾ 20, ಗಾಮಾ 3, ಮೂರೂ ಸೇರಿ 123. ಒಂದಕ್ಷರ ತಪ್ಪಿದರೆ ಊರು ಹಲವು ಹರಿದಾರಿ ಆಚೆ ಹೋಗುತ್ತದೆ.

ಇನ್ನು ಹೊರ್ತಿಯನ್ನೇ ಗ್ರೀಕಿನಲ್ಲಿ ಬರೆಯೋಣ. ಓಮಿಕ್ರಾನ್ ಒಂದು ಸೊನ್ನೆ, ರೋ ಇಂಗ್ಲಿಷಿನ ‘ಪಿ’ಯಂತಿದ್ದರೂ ರಕಾರ, ಅನಂತರ ಟೌ, ಅಯೋಟಾ. ಹಕಾರವೆಲ್ಲಿ? ಅದಕ್ಕೆ ಈ 24ರಲ್ಲಿ ಅಕ್ಷರವೇ ಇಲ್ಲ! ಮೊದಲ ಸ್ವರದ ನೆತ್ತಿಯ ಮೇಲೆ ತಿರುಗಿಸಿದ ಅಲ್ಪವಿರಾಮದಂಥ ಕೊಂಡಿಯನ್ನು ಹಾಕಿದರೆ ಹಕಾರವಾಯಿತು. ಟಾಲೆಮಿಯ ‘ಹಿಪ್ಪೊಕೂರ’ದ ಹಕಾರವೂ ಹೀಗೆಯೇ ಬಂದದ್ದು, ಅದು ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯೆಂದು ಕೆಲವರು ಹೇಳಿದರೆ ಬೇರೆಯವರು ಒಪ್ಪಿಲ್ಲ. ಪ್ರಾಚೀನ ಲೇಖಕರು ಈ ಕೊಂಡಿಯನ್ನು ಸಾಮಾನ್ಯವಾಗಿ ಹಾಕುತ್ತಲೇ ಇರಲಿಲ್ಲ. ಅವರ ಕೈಯಲ್ಲಿ ಹೊರ್ತಿಯು ‘ಒರ್ತಿ’ ಎಂದೇ ಉಳಿಯುತ್ತಿತ್ತು.