ಬಿಟ್ಟ ಉದ್ಯೋಗ, ಬಿಡದ ವ್ಯಾಸಂಗ

ಬಹುಕಾಲ ನಡೆಸಿದ ಉದ್ಯೋಗವನ್ನು ಬಿಟ್ಟ ಮೇಲೆ ಅದರೊಡನೆ ಎಂತಹ ಸಂಬಂಧವನ್ನಿಟ್ಟುಕೊಳ್ಳಬೇಕೆಂಬುದು ಪ್ರತಿಯೊಬ್ಬ ನೌಕರನಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ. ನಮ್ಮ ಪಟ್ಟಣಗಳಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಕಾಣುತ್ತೇವೆ. ಕೆಲವರು ವಿಶ್ರಾಂತಿವೇತನದ ಆಜ್ಞೆ ಕೈಸೇರಿದೊಡನೆ ಮೂವತ್ತು ವರ್ಷಗಳ ಅನುಭವವನ್ನು ಹಳೆಯ ಅಂಗಿಯಂತೆ ಕಳಚಿಡುತ್ತಾರೆ. ಮತ್ತೆ ಕೆಲವರು ವಾರಕ್ಕೊಮ್ಮೆ ಕಚೇರಿಗೆ ಹೋಗಿ, ತಮ್ಮ ಸ್ಥಾನಕ್ಕೆ ಬಂದವರಿಗೆ ಬೇಡದ ಬುದ್ಧಿವಾದವನ್ನು ಹೇಳಿ ಬರುತ್ತಾರೆ. ಮೊದಲನೆಯದರಿಂದ ದೇಶಕ್ಕೆ ನಷ್ಟ. ಎರಡನೆಯದರಿಂದ ಎಲ್ಲರಿಗೂ ಬೇಸರ. ಮೂರನೆಯ ಮಾರ್ಗವೊಂದಿದೆ. ಅದನ್ನರಿಯಲು ನಾವು ದೂರ ಹೋಗಬೇಕಾಗಿಲ್ಲ. ಬೇಗೂರಿನವರೆಗೆ ಹೋದರೆ ಸಾಕು.

ಬೆಂಗಳೂರಿನ ದಕ್ಷಿಣಕ್ಕೆ, ಈಗ ನಗರದೊಳಗೇ ಸೇರಿಹೋಗಿರುವ ಈ ಪ್ರಾಚೀನ ಗ್ರಾಮದ ನಾಗೇಶ್ವರ ದೇವಾಲಯದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 900ರ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದ ವೀರನನ್ನು ಅದು ಸ್ಮರಿಸುತ್ತದೆ. ಹೊಯ್ಸಳ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತುದರಿಂದ ಊರಿಗೆ ಈ ಹೆಸರು ಬಂತೆಂಬ ಕಥೆ ಎಷ್ಟೇ ಸೊಗಸಾಗಿರಲಿ, ಆ ದೊರೆಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಹೆಸರು ಇದ್ದಿತೆಂಬುದಕ್ಕೆ ಈ ಕಲ್ಲೇ ಸಾಕ್ಷಿ. ಆದರೆ ಕಲ್ಲು ತಾನಾಗಿ ಮಾತನಾಡುವುದಿಲ್ಲ. ಅದನ್ನು ಓದಬಲ್ಲವರು ಬೇಕು. ಅಂತಹ ಓದುಗರು ನಮಗೆ ದೊರೆತುದು ಹೇಗೆ?

ಬಿ. ಎಲ್. ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರ ವೃತ್ತಿ ಶಾಸನಶೋಧನೆಯಲ್ಲ, ವಿದ್ಯಾಭ್ಯಾಸದ್ದು. ಹೈಸ್ಕೂಲಿನಲ್ಲಿ ಕಲಿಸಿ, ಶಾಲೆಗಳ ಇನ್ಸ್‌ಪೆಕ್ಟರಾಗಿ, ವಿದ್ಯಾ ಇಲಾಖೆಯ ಡೈರೆಕ್ಟರಾದರು. ತನಿಖೆಗೆಂದು ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಶಾಸನಗಳೇ ಅವರನ್ನು ಹಿಡಿದುವು. ಮುಂದೆ ಪ್ರಾಚ್ಯಸಂಶೋಧನೆಯೇ ಅವರ ಉದ್ಯೋಗವಾಗಿ, ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳು ಹೊರಬಂದುವು, ಬೆಂಗಳೂರು ಜಿಲ್ಲೆಯ ಶಾಸನಗಳುಳ್ಳ ಒಂಬತ್ತನೆಯದು 1905ರಲ್ಲಿ ಪ್ರಕಟವಾಯಿತು. ಮರುವರ್ಷ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಗೆ ಕೆಲಸ ಮುಗಿಯಿತೆ? ಇಲ್ಲ. ಶಾಸನಗಳಿಂದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ನಿರೂಪಿಸುವ ಗ್ರಂಥವನ್ನು 1909ರಲ್ಲಿಯೂ, ಕೊಡಗಿನ ಶಾಸನಗಳ ಪರಿಷ್ಕೃತ ಸಂಪುಟವನ್ನು 1914ರಲ್ಲಿಯೂ ಹೊರಡಿಸಿದರು. ಆಗ ಅವರಿಗೆ ಎಪ್ಪತ್ತೇಳರ ವಯಸ್ಸು; ಕನ್ನಡ ನಾಡು ಸಮುದ್ರದಾಚೆ.

ರೈಸರ ಕೈಕೆಳಗೆ ಸಹಾಯಕರಾಗಿದ್ದು, ಅವರ ತರುವಾಯ ಇಲಾಖೆಯ ಭಾರವನ್ನು ಹೊತ್ತವರು ಆರ್. ನರಸಿಂಹಾಚಾರ್ಯರು. ಬೆಂಗಳೂರಿನ ಹೆಸರುಳ್ಳ ಬೇಗೂರಿನ ಕಲ್ಲು ಬೆಳಕಿಗೆ ಬಂದುದು ಅವರ ಅಧಿಕಾರಕಾಲದಲ್ಲಿ, 1915ರ ಸುಮಾರಿಗೆ. ಕಚೇರಿಯ ಹೊರೆ ಎಷ್ಟಿದ್ದರೂ ತಮ್ಮ ಮೊದಲ ಪ್ರೀತಿಯಾದ ಕನ್ನಡ ಸಾಹಿತ್ಯವನ್ನು ಅವರು ಮರೆಯಲಿಲ್ಲ. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ ಬಂದಿತು. 1922ರಲ್ಲಿ ಅಧಿಕಾರದಿಂದ ನಿವೃತ್ತರಾದ ಬಳಿಕ 1929ರಲ್ಲಿ ಮೂರನೆಯದನ್ನು ಮುಗಿಸಿದರು. 1934ರಲ್ಲಿ ಕನ್ನಡ ಭಾಷೆಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ಮೇಲೆ ಅವರು ಕಾಲವಾದರು.

ಈ ಇಬ್ಬರೂ ಬಿಟ್ಟುದು ಕುರ್ಚಿಯನ್ನು, ಹಿಡಿದುಕೊಂಡುದು ಕೆಲಸವನ್ನು. ಉತ್ತರಾಧಿಕಾರಿಯ ಅಧಿಕಾರಕ್ಕೆ ಕೈಹಾಕದೆ, ತಮ್ಮ ಕೈಯಿಂದಲೇ ಆಗಬಹುದಾದ ಭಾಗವನ್ನು ಆರಿಸಿಕೊಂಡರು. ಮೂರನೆಯ ಮಾರ್ಗವೆಂದರೆ ಇದೇ.

“ಅವರು ಮಹಾ ವಿದ್ವಾಂಸರು, ನಾವು ಸಾಮಾನ್ಯ ಗುಮಾಸ್ತರು” ಎಂದು ವಾಚಕರು ಹೇಳಬಹುದು. ಈ ವಿನಯ ನಮಗೆ ಒಪ್ಪಿಗೆಯಾಗದು. 1961ರ ಕಾನೂನಿನಿಂದ ನಮ್ಮಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು. ಆ ವ್ಯವಸ್ಥೆ ಹೋದುದು ನ್ಯಾಯವೇ. ಆದರೆ ಯಾವ ಹೊಲಕ್ಕೆ ಯಾವ ಹೆಸರು, ಯಾವ ಕೆರೆಯ ಕಾಲುವೆ ಎಲ್ಲಿ ಹರಿಯುತ್ತಿತ್ತು, ಯಾವ ಕಲ್ಲು ಯಾವ ಎಲ್ಲೆಯದು ಎಂಬ ಅವರ ತಿಳಿವಳಿಕೆಯನ್ನು ಎಷ್ಟು ಊರುಗಳಲ್ಲಿ ಕೇಳಿ ಬರೆದಿಟ್ಟುಕೊಂಡೆವು? ಹುದ್ದೆಯೊಡನೆ ಅರಿವೂ ಮಣ್ಣುಪಾಲಾಯಿತು. ರೈಸರು ದಾಖಲೆಮಾಡಿದ ಬೆಂಗಳೂರಿನ ಶಾಸನಗಳಲ್ಲಿಯೂ ಅನೇಕವು ಈಗ ಸ್ಥಳದಲ್ಲಿಲ್ಲ. ಕಟ್ಟಡಗಳೆದ್ದಲ್ಲಿ ಕಲ್ಲುಗಳು ಮಾಯವಾದುವು. ಗ್ರಂಥದಲ್ಲಿ ಉಳಿದುದೇ ಉಳಿದುದು.

ಆದುದರಿಂದ ನಿವೃತ್ತ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮೋಜಣಿಯವರು ತಾವಳೆದ ಊರಿನ ಹಳೆಯ ಎಲ್ಲೆಗಳನ್ನು ಬರೆದಿಡಲಿ; ಉಪಾಧ್ಯಾಯರು ಬೀದಿಯ ಮಕ್ಕಳಿಬ್ಬರಿಗೆ ವ್ಯಾಕರಣ ಹೇಳಲಿ; ಕಂದಾಯದವರು ಹಳೆಯ ದಫ್ತರದ ಕೈಬರಹವನ್ನು ಓದುವ ಬಗೆಯನ್ನು ತರುಣರಿಗೆ ಕಲಿಸಲಿ. ದಿನಕ್ಕೊಂದು ಗಂಟೆ ಸಾಕು. ಬೇಗೂರಿನ ಕಲ್ಲು ಓದಬಲ್ಲವರಿಗಾಗಿ ಸಾವಿರ ವರ್ಷ ಕಾಯ್ದಿತು. ಮನುಷ್ಯನ ನೆನಪಿಗೆ ಅಷ್ಟು ಆಯುಸ್ಸಿಲ್ಲ.